ತಪ್ಪು ಹೋಳಿಗೆಯದಲ್ಲ

ಬಂಧುಗಳ ಮನೆಗೆ ಹೋದಾಗ ‘ನನ್ನ ಕಾಫಿಗೆ ಸಕ್ಕರೆ ಬೇಡ’ ಎಂದು ಹೇಳಿ ನೋಡಿ. ‘ಅಯ್ಯೋ, ಶುಗರ್ ಬಂತಾ? ಯಾವಾಗಿಂದ?’ ಎಂಬ ಪ್ರಶ್ನೆ ಅಡುಗೆಮನೆಯಿಂದಲೇ ಕೇಳಿಬರುತ್ತದೆ. ಕಾಯಿಲೆ ಇಲ್ಲದವರು ಸಕ್ಕರೆ ಬಿಡಲು ಕಾರಣವೇ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ವೈದ್ಯರು ಎಚ್ಚರಿಸುವ ತನಕ ಸಕ್ಕರೆ ಡಬ್ಬಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಎಚ್ಚರಿಸಿದ ಮೇಲೆ ಮನೆಯವರು ಮೊದಲು ನಿಷೇಧಿಸುವುದು ಹಬ್ಬದ ಹೋಳಿಗೆಯನ್ನು. ಈ ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಸಕ್ಕರೆ ಕಡಿಮೆ ಮಾಡಬೇಕಾದದ್ದು ಕಾಯಿಲೆ ಬರುವ ಮುಂಚೆ. ಅದೂ ವರ್ಷಕ್ಕೆ ನಾಲ್ಕಾರು ಸಲ ತಿನ್ನುವ ಹೋಳಿಗೆ, ಪಾಯಸದಲ್ಲಿ ಅಲ್ಲ. ದಿನವೂ ಲೆಕ್ಕಕ್ಕೆ ಸಿಗದೆ ಹೊಟ್ಟೆ ಸೇರುವ ಸಕ್ಕರೆಯಲ್ಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ‘ಇಂಡಿಯಾಬ್’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಅದು ಅಂದಾಜು ಮಾಡಿತು. ಈ ಎರಡನೆಯ ಸಂಖ್ಯೆಯೇ ಹೆಚ್ಚು ಮುಖ್ಯ. ಇವರಲ್ಲಿ ಬಹುತೇಕರಿಗೆ ತಾವು ಹೊಸ್ತಿಲಲ್ಲಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಊಟ ಮತ್ತು ಓಡಾಟ ಸರಿಪಡಿಸಿಕೊಂಡರೆ ಹಿಂದಕ್ಕೆ ಬರಬಲ್ಲವರೂ ಇವರೇ. ಅದೇ ಅಧ್ಯಯನದ ಪ್ರಕಾರ ನೂರರಲ್ಲಿ ಸುಮಾರು 40 ಮಂದಿಗೆ ಹೊಟ್ಟೆಯ ಸುತ್ತ ಬೊಜ್ಜು ಇದೆ.

ಎಷ್ಟು ಸಕ್ಕರೆ ಹೆಚ್ಚು? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿದೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 10 ದಾಟಬಾರದು. ಶೇ 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ಊಟ ಮಾಡುವವರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ. ಈಗ ನಮ್ಮ ಬಳಕೆ ನೋಡೋಣ. ದೇಶದಲ್ಲಿ ವರ್ಷಕ್ಕೆ ಸುಮಾರು 280 ಲಕ್ಷ ಟನ್ ಸಕ್ಕರೆ ಖರ್ಚಾಗುತ್ತದೆ. ಅದನ್ನು 140 ಕೋಟಿಗೂ ಹೆಚ್ಚು ಜನರಿಗೆ ಹಂಚಿದರೆ ತಲೆಗೆ ದಿನಕ್ಕೆ 50 ಗ್ರಾಂ ದಾಟುತ್ತದೆ. ಬೆಲ್ಲ ಈ ಲೆಕ್ಕದಲ್ಲಿ ಸೇರಿಲ್ಲ. ಹಸುಗೂಸುಗಳನ್ನೂ, ಸಿಹಿಯನ್ನೇ ಮುಟ್ಟದವರನ್ನೂ ಸೇರಿಸಿ ಮಾಡಿದ ಸರಾಸರಿ ಇದು. ಹಾಗಾಗಿ ನಗರದ ನಡುವಯಸ್ಕರು ಇದಕ್ಕಿಂತ ಎಷ್ಟು ಮೇಲಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಈ ಸಕ್ಕರೆ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಯಾವುದಾದರೂ ಊರಿನ ಬಸ್ ನಿಲ್ದಾಣದ ಚಹಾ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಪಾತ್ರೆಯಲ್ಲಿ ಹಾಲು, ನೀರು, ಚಹಾಪುಡಿ ಕುದಿಯುತ್ತಿರುತ್ತವೆ. ಅಂಗಡಿಯವರು ಡಬ್ಬಕ್ಕೆ ಲೋಟ ಅದ್ದಿ ಸಕ್ಕರೆ ಸುರಿಯುತ್ತಾರೆ. ಚಮಚದ ಮಾತೇ ಇಲ್ಲ. ‘ಸಕ್ಕರೆ ಕಮ್ಮಿ’ ಎಂದು ಕೇಳಿದವರಿಗೆ ಸಿಗುವುದೂ ಅದೇ ಪಾತ್ರೆಯ ಚಹಾ, ಸ್ವಲ್ಪ ಹಾಲು ಬೆರೆಸಿದ್ದು. ಮನೆಯಲ್ಲಿ ಒಂದು ಲೋಟಕ್ಕೆ ಎರಡು ಚಮಚ ಹಾಕಿದರೂ 8ರಿಂದ 10 ಗ್ರಾಂ ಆಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು, ತಿಂಡಿಯ ಜೊತೆ ಒಂದು, ಕಚೇರಿಯಲ್ಲಿ ಹನ್ನೊಂದಕ್ಕೊಂದು, ಸಂಜೆ ಒಂದು. ನಾಲ್ಕು ಲೋಟಕ್ಕೆ 32ರಿಂದ 40 ಗ್ರಾಂ. ಒಂದು ತುಂಡು ಸಿಹಿ ತಿನ್ನದೆಯೂ 25 ಗ್ರಾಂ ಮಿತಿ ಮಧ್ಯಾಹ್ನದ ಹೊತ್ತಿಗೇ ಮುಗಿದಿರುತ್ತದೆ. ಜೊತೆಗೆ ನಾಲ್ಕು ಮಾರಿ ಬಿಸ್ಕತ್ತು ಅದ್ದಿ ತಿಂದರೆ ಇನ್ನೊಂದು ಚಮಚ ಸೇರಿತು. ಕ್ರೀಮ್ ಬಿಸ್ಕತ್ತಾದರೆ ತೂಕದ ಮೂರನೇ ಒಂದು ಭಾಗದಷ್ಟು ಸಕ್ಕರೆಯೇ ಇರುತ್ತದೆ.

ಹಾಗಾದರೆ ಸಕ್ಕರೆ ಬಿಟ್ಟ ಕೂಡಲೇ ತೂಕ ಇಳಿಯುತ್ತದೆಯೇ? ‘ತಿಂಗಳಲ್ಲಿ ಎಂಟು ಕೆ.ಜಿ. ಇಳಿಸಿದೆ’ ಎನ್ನುವ ವಿಡಿಯೊಗಳನ್ನು ನಂಬಿ ವ್ರತ ಹಿಡಿದವರು ಮೂರನೇ ವಾರಕ್ಕೆ ನಿರಾಶರಾಗಿ ಕೈಬಿಡುವುದನ್ನು ಸುತ್ತಮುತ್ತ ನೋಡುತ್ತಲೇ ಇದ್ದೇವೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು ನೇರವಾದ ಉತ್ತರ ಕೊಡುತ್ತದೆ. ಸಕ್ಕರೆ ಕಡಿಮೆ ಮಾಡಿದ ವಯಸ್ಕರ ತೂಕ ಸರಾಸರಿ 0.8 ಕೆ.ಜಿ. ಇಳಿಯಿತು. ಸಕ್ಕರೆ ತೆಗೆದು ಅಷ್ಟೇ ಕ್ಯಾಲೊರಿಯ ಬೇರೆ ಶರ್ಕರಪಿಷ್ಟ ತಿಂದವರ ತೂಕ ಇಳಿಯಲೇ ಇಲ್ಲ. ಅಂದರೆ ಸಕ್ಕರೆಯಲ್ಲಿ ವಿಶೇಷ ವಿಷವೇನೂ ಇಲ್ಲ. ತಿಂದರೂ ಹೊಟ್ಟೆ ತುಂಬದಿರುವುದು, ತಿಂದದ್ದು ನೆನಪಿನಲ್ಲಿ ಉಳಿಯದಿರುವುದು ಅದರ ಅಪಾಯ. ಇದು ಪಾನೀಯಗಳಲ್ಲಿ ಇನ್ನೂ ಸ್ಪಷ್ಟ. ಎರಡು ಇಡ್ಲಿ ಹೆಚ್ಚು ತಿಂದವರು ಮಧ್ಯಾಹ್ನ ಒಂದು ತುತ್ತು ಕಡಿಮೆ ಉಣ್ಣುತ್ತಾರೆ. ಒಂದು ಬಾಟಲಿ ತಂಪು ಪಾನೀಯ ಕುಡಿದವರು ಊಟ ಕಡಿಮೆ ಮಾಡುವುದಿಲ್ಲ. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ.

ಸಕ್ಕರೆಯ ಅರ್ಧ ಭಾಗ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಫ್ರಕ್ಟೋಸನ್ನು ಹೆಚ್ಚಾಗಿ ಯಕೃತ್ತೇ ನಿಭಾಯಿಸಬೇಕು. ಮಿತಿ ಮೀರಿದರೆ ಅದನ್ನು ಕೊಬ್ಬಾಗಿ ಪರಿವರ್ತಿಸುತ್ತದೆ. ಮದ್ಯ ಮುಟ್ಟದವರಲ್ಲೂ ‘ಫ್ಯಾಟಿ ಲಿವರ್’ ಕಾಣಿಸಿಕೊಳ್ಳಲು ಇದೂ ಒಂದು ಕಾರಣ. ತಕ್ಕಡಿ ಒಂದೇ ಕೆ.ಜಿ. ಕಡಿಮೆ ತೋರಿಸಿದರೂ ಯಕೃತ್ತು, ಹಲ್ಲು, ರಕ್ತದ ಕೊಬ್ಬು ಇವೆಲ್ಲಕ್ಕೂ ಲಾಭವಾಗಿರುತ್ತದೆ. ತೂಕವೊಂದನ್ನೇ ಗುರಿ ಮಾಡಿಕೊಂಡವರಿಗೆ ಈ ಲಾಭ ಕಣ್ಣಿಗೆ ಬೀಳುವುದಿಲ್ಲ.

ನಮ್ಮಲ್ಲಿ ಸಕ್ಕರೆ ಬಿಟ್ಟವರು ಸಾಮಾನ್ಯವಾಗಿ ಬೆಲ್ಲ ಹಿಡಿಯುತ್ತಾರೆ. ಬೆಲ್ಲದ ಕಾಫಿ, ಬೆಲ್ಲದ ಚಹಾ ಈಗ ಪೇಟೆಯ ಹೋಟೆಲುಗಳ ಫಲಕದ ಮೇಲೂ ಬಂದಿವೆ. ಮಂಡ್ಯದ ಅಚ್ಚು ಬೆಲ್ಲ, ಮಲೆನಾಡಿನ ಜೋನಿ ಬೆಲ್ಲದ ರುಚಿಯ ಬಗ್ಗೆ ನನಗೂ ಪ್ರೀತಿಯಿದೆ. ಆದರೆ ಆರೋಗ್ಯದ ಹೆಸರಿನಲ್ಲಿ ಅದನ್ನು ಕೊಂಡಾಡುವುದನ್ನು ಒಪ್ಪಲಾರೆ. ಅಚ್ಚು ಬೆಲ್ಲದ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಕಬ್ಬಿಣದ ಅಂಶ ದಿನಕ್ಕೆ ಎರಡು ಚಮಚ ತಿಂದವರ ರಕ್ತಹೀನತೆ ನೀಗುವಷ್ಟಿಲ್ಲ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೆ ಜೇನುತುಪ್ಪವೂ ಬರುತ್ತದೆ, ಹಣ್ಣಿನ ರಸವೂ ಬರುತ್ತದೆ. ಇಡಿಯಾದ ಹಣ್ಣು ಮಾತ್ರ ಬರುವುದಿಲ್ಲ. ಬಾಳೆಹಣ್ಣು, ಸೀಬೆ, ಪಪ್ಪಾಯಿ ತಿನ್ನುವವರು ಈ ಲೆಕ್ಕದಿಂದ ಹೆದರಬೇಕಿಲ್ಲ. ಕೃತಕ ಸಿಹಿಯ ಗುಳಿಗೆಗಳಿಂದ ತೂಕ ಇಳಿಸುವ ಪ್ರಯತ್ನ ಬೇಡ ಎಂದೂ ಆ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ನಾಲಿಗೆಗೆ ಸಿಹಿಯ ಅಭ್ಯಾಸ ಹಾಗೇ ಉಳಿದರೆ ಗುಳಿಗೆ ಬಿಟ್ಟ ದಿನ ಸಕ್ಕರೆ ವಾಪಸು ಬರುತ್ತದೆ. ಲೋಟದ ಎರಡು ಚಮಚವನ್ನು ಒಂದೂವರೆಗೆ, ಕೆಲವು ವಾರ ಕಳೆದು ಒಂದಕ್ಕೆ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಹಳೆಯ ಚಹಾವೇ ಕುಡಿಯಲಾಗದಷ್ಟು ಸಿಹಿ ಅನಿಸುತ್ತದೆ.

ಮನೆಯ ಸಕ್ಕರೆಯನ್ನಾದರೂ ಕೈಯಾರೆ ಅಳೆಯಬಹುದು. ಪೊಟ್ಟಣದೊಳಗಿನದನ್ನು ಅಳೆಯುವುದು ಹೇಗೆ? ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ‘ಆ್ಯಡೆಡ್ ಶುಗರ್’ ಎಷ್ಟೆಂದು ನಮೂದಿಸಬೇಕು. ನಮೂದಾಗುತ್ತದೆ, ಆದರೆ ಹಿಂಬದಿಯಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ದಿನದ ಅಗತ್ಯದಲ್ಲಿ ಎಷ್ಟು ಪಾಲು ಎಂದು ತೋರಿಸುವ ಶೇಕಡಾವಾರು ಲೆಕ್ಕಕ್ಕೆ 50 ಗ್ರಾಂ ಅನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ. 25 ಗ್ರಾಂ ಮಿತಿಯನ್ನು ಆಧಾರವಾಗಿಟ್ಟಿದ್ದರೆ ಶೇ 20 ಎಂದು ಕಾಣುವುದು ಶೇ 40 ಆಗುತ್ತಿತ್ತು. ಚಿಲಿ ದೇಶ 2016ರಿಂದಲೇ ಸಕ್ಕರೆ ಹೆಚ್ಚಿರುವ ಪೊಟ್ಟಣದ ಮುಂಬದಿಯಲ್ಲಿ ಕಪ್ಪು ಎಂಟುಮೂಲೆಯ ಎಚ್ಚರಿಕೆ ಗುರುತು ಕಡ್ಡಾಯ ಮಾಡಿದೆ. ಓದು ಬಾರದವರಿಗೂ ಅದು ಅರ್ಥವಾಗುತ್ತದೆ. ನಮ್ಮಲ್ಲಿ ನಕ್ಷತ್ರದ ಗುರುತು ಕೊಡಬೇಕೆಂಬ ಕರಡು 2022ರಲ್ಲಿ ಬಂತು; ಅನಂತರ ನಡೆದದ್ದೆಲ್ಲ ಚರ್ಚೆ.

ಪ್ರಾಧಿಕಾರ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಪೊಟ್ಟಣದ ರಸದ ಮೇಲಿನ ‘ಶೇ 100 ಹಣ್ಣಿನ ರಸ’ ಎಂಬ ಬರಹವನ್ನು 2024ರಲ್ಲಿ ತೆಗೆಸಿತು. ಅದೇ ವರ್ಷ ಕೇಂದ್ರ ವಾಣಿಜ್ಯ ಸಚಿವಾಲಯ, ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. 2025ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರದಿಂದ ಬಂದದ್ದು ಇನ್ನೂ ದೊಡ್ಡ ಆದೇಶ. ವಾಂತಿ–ಭೇದಿಯಾದ ಮಗುವಿಗೆ ಕುಡಿಸುವ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಅದರ ಎಷ್ಟೋ ಪಟ್ಟು ಸಕ್ಕರೆ ಇದ್ದ ಹಣ್ಣಿನ ಪರಿಮಳದ ಪಾನೀಯಗಳು ಅದೇ ಹೆಸರು ಹೊತ್ತು ಔಷಧ ಅಂಗಡಿಗಳಲ್ಲೇ ಮಾರಾಟವಾಗುತ್ತಿದ್ದವು. ಅಷ್ಟು ಸಕ್ಕರೆ ಭೇದಿಯನ್ನು ಹೆಚ್ಚಿಸಬಲ್ಲದು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ ಆ ಹೆಸರಿನ ದುರ್ಬಳಕೆಗೆ ತಡೆ ಬಿತ್ತು. ಒಬ್ಬ ವೈದ್ಯೆ ಇಷ್ಟು ವರ್ಷ ಬೆನ್ನು ಹತ್ತಬೇಕಾಗಿ ಬಂದದ್ದು ನಮ್ಮ ವ್ಯವಸ್ಥೆಗೆ ಶೋಭೆ ತರುವ ಸಂಗತಿಯಲ್ಲ.

ತೆರಿಗೆಯ ವಿಷಯದಲ್ಲಂತೂ ನಾವು ತದ್ವಿರುದ್ಧ ದಿಕ್ಕಿನಲ್ಲಿದ್ದೇವೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟ್, ಐಸ್‌ಕ್ರೀಮ್‌ಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಗ್ಯಾಸ್ ಇಲ್ಲದ ಮಾವಿನ ಪಾನೀಯದಂಥವುಗಳ ತೆರಿಗೆಯೂ ಶೇ 5. ಗ್ಯಾಸ್ ಇರುವ ಕೋಲಾಗೆ ಶೇ 40. ಸಕ್ಕರೆ ಇಲ್ಲದ ಕೋಲಾಗೂ ಅಷ್ಟೇ. ಮಾವಿನ ಪಾನೀಯಗಳಲ್ಲಿ ಹಲವು ಕೋಲಾದಷ್ಟೇ, ಕೆಲವು ಅದಕ್ಕಿಂತಲೂ ಹೆಚ್ಚು ಸಿಹಿ. ಅಂದರೆ ನಮ್ಮ ತೆರಿಗೆ ಬಿದ್ದಿರುವುದು ಗುಳ್ಳೆಯ ಮೇಲೆ, ಸಕ್ಕರೆಯ ಮೇಲಲ್ಲ. ಬ್ರಿಟನ್ 2018ರಲ್ಲಿ ಪಾನೀಯದಲ್ಲಿರುವ ಸಕ್ಕರೆಯ ಪ್ರಮಾಣ ನೋಡಿ ತೆರಿಗೆ ಹಾಕಿತು: 100 ಮಿ.ಲೀ.ಗೆ 5 ಗ್ರಾಂ ದಾಟಿದರೆ ಒಂದು ದರ, 8 ಗ್ರಾಂ ದಾಟಿದರೆ ಇನ್ನೂ ಹೆಚ್ಚು. ತೆರಿಗೆ ಜಾರಿಯಾಗುವ ಮೊದಲೇ ಕಂಪನಿಗಳು ಸಕ್ಕರೆ ಇಳಿಸಿದವು. 2015ರಿಂದ 2019ರ ನಡುವೆ ಅಲ್ಲಿ ತಂಪು ಪಾನೀಯದ ಮೂಲಕ ಮಾರಾಟವಾದ ಒಟ್ಟು ಸಕ್ಕರೆ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಗ್ರಾಹಕರಿಗೆ ಯಾರೂ ಉಪದೇಶ ಮಾಡಬೇಕಾಗಲಿಲ್ಲ.

ಇಂಥ ಮಾತು ಬಂದಾಗಲೆಲ್ಲ ಕಬ್ಬು ಬೆಳೆಗಾರರನ್ನು ಮುಂದಿಡಲಾಗುತ್ತದೆ. ಸಕ್ಕರೆ ಉತ್ಪಾದನೆಯಲ್ಲಿ ದೇಶಕ್ಕೇ ಮೂರನೆಯ ಸ್ಥಾನದ ರಾಜ್ಯ ನಮ್ಮದು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಲಕ್ಷಾಂತರ ಕುಟುಂಬಗಳ ಬದುಕು ಕಬ್ಬಿನಲ್ಲಿದೆ. ಈ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕುಳಿತದ್ದು ಟನ್ನಿಗೆ ನ್ಯಾಯವಾದ ದರ ಕೇಳಿ. ಜನ ಚಹಾಕ್ಕೆ ಸಕ್ಕರೆ ಕಡಿಮೆ ಹಾಕುತ್ತಿದ್ದಾರೆ ಎಂಬ ದೂರು ಅಲ್ಲಿರಲಿಲ್ಲ. ಕಬ್ಬಿಗೆ ಈಗ ಎಥೆನಾಲ್ ದಾರಿಯೂ ತೆರೆದಿದೆ. ರೈತರ ಕಷ್ಟಕ್ಕೆ ಪರಿಹಾರ ದರ ಮತ್ತು ಬಾಕಿ ಪಾವತಿಯಲ್ಲಿದೆ. ಮಕ್ಕಳ ಹಾಲಿನ ಲೋಟದಲ್ಲಿ ಹುಡುಕುವುದು ಸರಿಯಲ್ಲ.

ಮಕ್ಕಳ ಮಾತು ಬಂತು, ಅಲ್ಲಿ ತುಸು ನಿಲ್ಲಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಜಾರಿಗೆ ತಂದ ಸಕ್ಕರೆ ಪಡಿತರ 1953ರ ಸೆಪ್ಟೆಂಬರ್‌ನಲ್ಲಿ ಕೊನೆಗೊಂಡಿತು. ಪಡಿತರ ಇದ್ದಾಗ ಗರ್ಭದಲ್ಲಿದ್ದವರನ್ನೂ ಶೈಶವ ಕಳೆದವರನ್ನೂ, ಪಡಿತರ ಹೋದ ಮೇಲೆ ಹುಟ್ಟಿದವರನ್ನೂ ಹೋಲಿಸಿದ ಸಂಶೋಧನೆಯೊಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಬದುಕಿನ ಮೊದಲ ಸಾವಿರ ದಿನ ಸಕ್ಕರೆ ಕಡಿಮೆ ಸಿಕ್ಕವರಿಗೆ ದೊಡ್ಡವರಾದ ಮೇಲೆ ಮಧುಮೇಹದ ಅಪಾಯ ಸುಮಾರು ಶೇ 35ರಷ್ಟು, ರಕ್ತದೊತ್ತಡದ ಅಪಾಯ ಶೇ 20ರಷ್ಟು ಕಡಿಮೆ ಇತ್ತು. ‘ಸಕ್ಕರೆ ಹಾಕದಿದ್ದರೆ ಮಗು ಹಾಲು ಕುಡಿಯೋದೇ ಇಲ್ಲ’ ಎನ್ನುವ ಅಜ್ಜಿಯಂದಿರಿಗೆ ನಾನು ಕೈಮುಗಿದು ಹೇಳುವುದಿಷ್ಟೇ: ಎರಡು ವರ್ಷ ತುಂಬುವವರೆಗೆ ಮಗುವಿಗೆ ಸಕ್ಕರೆಯ ರುಚಿ ತೋರಿಸಬೇಡಿ. ಶಾಲೆಗಳಲ್ಲಿ ‘ಶುಗರ್ ಬೋರ್ಡ್’ ಹಾಕಿ ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳಿಗೆ ತಿಳಿಸಿ ಎಂದು ಸಿಬಿಎಸ್ಇ 2025ರ ಮೇ ತಿಂಗಳಿನಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಗೋಡೆಗೂ ಆ ಫಲಕ ಕನ್ನಡದಲ್ಲಿ ಬರಬೇಕು. ಐದು ರೂಪಾಯಿಯ ಬಿಸ್ಕತ್ತು, ಹತ್ತು ರೂಪಾಯಿಯ ಪಾನೀಯ ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತವೆ. ಒಂದು ಸೀಬೆಹಣ್ಣು ಸಿಗುವುದು ಖಾತ್ರಿಯಿಲ್ಲ.

ಎರಡು ಎಚ್ಚರಿಕೆಗಳು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ಏಕಾಏಕಿ ಬದಲಿಸಬಾರದು. ರಕ್ತದ ಸಕ್ಕರೆ ಕುಸಿದು ಬೆವರು, ನಡುಕ ಬಂದಾಗ ಜೀವ ಉಳಿಸುವುದು ಅದೇ ಸಕ್ಕರೆ; ಜೇಬಿನಲ್ಲಿ ಇರಬೇಕು. ಎರಡನೆಯದು, ಸಕ್ಕರೆ ಬಿಟ್ಟು ಅನ್ನದ ಗುಡ್ಡೆಯನ್ನು ಹಾಗೇ ಉಳಿಸಿಕೊಂಡರೆ ಪ್ರಯೋಜನ ಅಷ್ಟಕ್ಕಷ್ಟೇ. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇ 62 ಶರ್ಕರಪಿಷ್ಟದಿಂದ ಬರುತ್ತದೆ ಎಂದು ‘ಇಂಡಿಯಾಬ್’ ತಂಡ 2025ರಲ್ಲಿ ತಿಳಿಸಿತು. ಅಕ್ಕಿಯ ಬದಲು ಗೋಧಿ, ಸಿರಿಧಾನ್ಯದ ಹಿಟ್ಟಿಗೆ ಬದಲಾದರಷ್ಟೇ ಸಾಲದು. ಒಟ್ಟು ಪ್ರಮಾಣ ಇಳಿದು ಬೇಳೆ, ಕಾಳು, ಮೊಸರಿನ ಪಾಲು ಏರಬೇಕು ಎಂಬುದು ಅದರ ಸಾರ.

ಇಷ್ಟೆಲ್ಲ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಯಾರೂ ಬದುಕಲಾಗದು. ಸುಲಭದ ಅಳತೆಯೊಂದಿದೆ: ತಿಂಗಳ ದಿನಸಿ ಚೀಟಿ. ದಿನಕ್ಕೆ 25 ಗ್ರಾಂ ಎಂದರೆ ಒಬ್ಬರಿಗೆ ತಿಂಗಳಿಗೆ ಮುಕ್ಕಾಲು ಕೆ.ಜಿ.; ನಾಲ್ವರ ಮನೆಗೆ ಮೂರು ಕೆ.ಜಿ. ಬೆಲ್ಲ, ಬಿಸ್ಕತ್ತು, ಬೇಕರಿ, ಹೊರಗಿನ ಚಹಾ ಎಲ್ಲವೂ ಇದರೊಳಗೇ ಬರಬೇಕು. ಹೊರಗಿನದಕ್ಕೆ ಅರ್ಧ ತೆಗೆದಿಟ್ಟರೆ ಮನೆಗೆ ಸಕ್ಕರೆ–ಬೆಲ್ಲ ಸೇರಿ ಒಂದೂವರೆ ಕೆ.ಜಿ. ಸಾಕು. ನಿಮ್ಮ ಚೀಟಿಯಲ್ಲಿ ಈಗ ನಾಲ್ಕೋ ಐದೋ ಇದ್ದರೆ ಒಂದೇ ಸಲಕ್ಕೆ ಇಳಿಸಲು ಹೋಗಬೇಡಿ. ಮುಂದಿನ ತಿಂಗಳು ಒಂದು ಕೆ.ಜಿ. ಕಡಿಮೆ ಬರೆಯಿರಿ, ಮಕ್ಕಳ ಹಾಲಿಗೆ ಬೆರೆಸುವ ಪುಡಿಯ ಡಬ್ಬವನ್ನು ಬರೆಯಲೇಬೇಡಿ.