ಓದಿ ಅಳೆಯಿರಿ: ಯುಜಿಸಿಗೆ ಒಂದು ಮನವಿ

ಗೆ,
ಮಾನ್ಯ ಅಧ್ಯಕ್ಷರು,
ವಿಶ್ವವಿದ್ಯಾಲಯ ಅನುದಾನ ಆಯೋಗ, ನವದೆಹಲಿ

ವಿಷಯ: ಅಧ್ಯಾಪಕರ ನೇಮಕ, ಬಡ್ತಿಗಳಲ್ಲಿ ಸಂಶೋಧನೆಗೆ ಅಂಕ ನೀಡುವ ಕ್ರಮದ ಬದಲಾವಣೆ ಕುರಿತು.

ಮಾನ್ಯರೆ,

2009ರಲ್ಲಿ ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಲೇಖನಗಳಿಗೆ ಸಿಕ್ಕ ಉಲ್ಲೇಖಗಳ ಸರಾಸರಿ, ಸುಮಾರು 2ರಿಂದ ಒಮ್ಮೆಲೇ 49ರ ಮೇಲಕ್ಕೆ ಜಿಗಿಯಿತು. ಸ್ಫಟಿಕ ವಿಜ್ಞಾನದಲ್ಲಿ ಕ್ರಾಂತಿಯೇನೂ ಆಗಿರಲಿಲ್ಲ. ಜಾರ್ಜ್ ಶೆಲ್ಡ್ರಿಕ್ ತಮ್ಮ ‘ಶೆಲ್‌ಎಕ್ಸ್’ ತಂತ್ರಾಂಶದ ಬಗ್ಗೆ 2008ರಲ್ಲಿ ಬರೆದ ಒಂದೇ ಲೇಖನವನ್ನು, ಆ ತಂತ್ರಾಂಶ ಬಳಸಿದ ಸಾವಿರಾರು ಮಂದಿ ಉಲ್ಲೇಖಿಸಿದ್ದರು. ಪಕ್ಕದ ಲೇಖನಗಳು ಇದ್ದಂತೆಯೇ ಇದ್ದವು.

ಆಯೋಗದ 2018ರ ನಿಯಮಾವಳಿಯ ಕೋಷ್ಟಕ ಹಿಡಿದು ಕೂತರೆ ಲೆಕ್ಕವೇ ಬೇರೆ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2ರಿಂದ 5ರೊಳಗಿದ್ದರೆ ಲೇಖಕರಿಗೆ 20 ಹೆಚ್ಚುವರಿ ಅಂಕ. 10 ದಾಟಿದರೆ 30. ಶೆಲ್ಡ್ರಿಕ್ ಅವರ ನೆರೆಯಲ್ಲಿ ಅಚ್ಚಾದ ಭಾಗ್ಯಕ್ಕೇ 10 ಅಂಕ!

ಗುಂಪಿನ ಸರಾಸರಿಯೇ ಒಬ್ಬೊಬ್ಬರ ಯೋಗ್ಯತೆ, ಉಲ್ಲೇಖವೇ ಮೌಲ್ಯ ಎಂಬ ನಂಬಿಕೆ ಈ ಕೋಷ್ಟಕದ ಬುಡದಲ್ಲಿದೆ. ಲೇಖನ ಎಷ್ಟು ಜನರ ಗಮನಕ್ಕೆ ಬಂತೆಂಬುದನ್ನು ಉಲ್ಲೇಖ ಹೇಳೀತು. ಅದು ನಿಜವೇ ಎಂಬುದನ್ನಲ್ಲ. ತಪ್ಪೆಂದು ಖಂಡಿಸಲು ಉಲ್ಲೇಖಿಸಿದರೂ ಎಣಿಕೆ ಏರುತ್ತದೆ. ಸಾಲದ್ದಕ್ಕೆ, ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿನ ಎರಡು ವರ್ಷಗಳ ಲೇಖನಗಳನ್ನಷ್ಟೇ ನೋಡುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ಇಂದಿಗೂ ತಿರುವಿಹಾಕುವ ಕನ್ನಡ ಸಂಶೋಧಕರಿಗೆ ಈ ಗಡುವು ನಗೆ ತರಿಸೀತು. ಯೂಜೀನ್ ಗಾರ್ಫೀಲ್ಡ್ ಈ ಮಾನದಂಡ ರೂಪಿಸಿದ್ದು ಪತ್ರಿಕೆಗಳ ಆಯ್ಕೆಗೆ, ಮನುಷ್ಯರ ಆಯ್ಕೆಗಲ್ಲ.

ಅಂಕಕ್ಕಾಗಿ ಲೇಖನ ಅಚ್ಚು ಹಾಕಿಸುವ ಹಪಾಹಪಿಯ ಬಿಸಿ ಆಯೋಗಕ್ಕೂ ತಟ್ಟಿದೆ. 2018ರಲ್ಲಿ ಮಾನ್ಯ ಪತ್ರಿಕೆಗಳ ತನ್ನದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಅದು ಕಿತ್ತುಹಾಕಿತು. ಪಿಎಚ್‌ಡಿಗೆ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಷರತ್ತು 2022ರಲ್ಲಿ ಹೋಯಿತು. 2025ರಲ್ಲಿ, ಆ ಹಳೆಯ ಪಟ್ಟಿಯ ಜಾಗಕ್ಕೆ ಬಂದಿದ್ದ ‘ಕೇರ್’ ಪಟ್ಟಿಯೂ ಹೋಯಿತು.

ಆದ್ದರಿಂದ ಮನವಿದಾರರ ಬೇಡಿಕೆಗಳಿಷ್ಟು. ಇಂಪ್ಯಾಕ್ಟ್ ಫ್ಯಾಕ್ಟರ್ ಆಧರಿಸಿದ ಅಂಕಗಳು ರದ್ದಾಗಲಿ. ಅಭ್ಯರ್ಥಿ ತಾನೇ ಆರಿಸಿಕೊಟ್ಟ ಐದು ಬರಹಗಳನ್ನು ಆಯಾ ವಿಷಯ ಬಲ್ಲವರು ಓದಿ, ಲಿಖಿತ ಅಭಿಪ್ರಾಯ ನೀಡಲಿ. ಬೇರೆಯವರ ಪ್ರಯೋಗವನ್ನು ಮರುಪರೀಕ್ಷಿಸಿದ ಕೆಲಸ, ಊಹೆ ಸುಳ್ಳಾಯಿತೆಂದು ತೋರಿಸಿದ ಫಲಿತಾಂಶ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಸಂಶೋಧನೆ ಸಮಾನ ತೂಕ ಪಡೆಯಲಿ.

ಓದಿ ತೀರ್ಮಾನಿಸುವಲ್ಲಿ ಸ್ವಜನಪಕ್ಷಪಾತ ನುಸುಳುತ್ತದೆ, ಅಂಕಕ್ಕೆ ಜಾತಿ-ನೆಂಟಸ್ತನವಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿದೆ. ಅದಕ್ಕೆಂದೇ ತಜ್ಞರಲ್ಲಿ ಇಬ್ಬರಾದರೂ ಹೊರರಾಜ್ಯದವರಿರಬೇಕು, ಅವರ ಅಭಿಪ್ರಾಯದ ಪ್ರತಿ ಅಭ್ಯರ್ಥಿಯ ಕೈಸೇರಬೇಕು.

ಹೊಸ ನಿಯಮಗಳನ್ನು ರೂಪಿಸುವ ಮುನ್ನ ಮನವಿದಾರರ ಅಹವಾಲನ್ನು ಖುದ್ದಾಗಿ ಆಲಿಸಬೇಕೆಂದು ಆಯೋಗದಲ್ಲಿ ವಿನಂತಿ.

ಇಂತಿ,
ಕರ್ನಾಟಕದ ವಿಶ್ವವಿದ್ಯಾಲಯಗಳ ಅಧ್ಯಾಪಕರು ಹಾಗೂ ಸಂಶೋಧಕರು