‘ಊಟ ಆಯ್ತಾ’ ಎಂದಷ್ಟೇ ಕೇಳಿದ್ದು

‘ಊಟ ಆಯ್ತಾ?’ ಎಂದು ನಾವು ಕೇಳುವುದು ಉತ್ತರಕ್ಕಲ್ಲ. ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆ, ಎದುರುಮನೆಯವರಿಗೆ, ಮಧ್ಯಾಹ್ನದ ಮೇಲೆ ಕಂಡ ಯಾರಿಗಾದರೂ ಎಸೆದು ಮುಂದೆ ಹೋಗುವ ಮಾತು ಅದು. ಅದೇ ಮಾತು ರಾತ್ರಿ ಹನ್ನೊಂದಕ್ಕೆ, ಪಿಜಿ ಕೋಣೆಯಲ್ಲಿ ಒಬ್ಬನೇ ಮಲಗಿದವನ ಮೊಬೈಲಿಗೆ, ಮುಖ ಕಾಣದವರಿಂದ ಬಂದು ಬಿದ್ದರೆ? ಇಡೀ ದಿನದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ ಆಗಿದ್ದರೆ?

ಮರುದಿನ ಅವನಿಂದ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ವಾರದೊಳಗೆ ‘ಆನ್‌ಲೈನ್ ಇದ್ರಿ, ಮಾತಾಡ್ಲಿಲ್ಲ’ ಎಂಬ ಮುನಿಸು. ಕೆಲಸದ ಅರ್ಜಿ ತುಂಬಲು ನೆರವಾದ, ಅವನ ತಾಯಿಯ ಕಾಯಿಲೆಗೆ ಎರಡು ಸಮಾಧಾನದ ಮಾತು ಹೇಳಿದ ತಪ್ಪಿಗೆ, ಊಟ ಕೇಳಿದವರು ದಿನವೂ ಲೆಕ್ಕ ಒಪ್ಪಿಸಬೇಕು. 2014ರಲ್ಲಿ ಬಂದ ವಾಟ್ಸ್‌ಆ್ಯಪ್‌ನ ನೀಲಿ ಟಿಕ್ಕು, ಓದಿಯೂ ಸುಮ್ಮನಿದ್ದುದಕ್ಕೆ ಸಾಕ್ಷಿ ಬೇರೆ ಹೇಳುತ್ತದೆ.

ಇದನ್ನು ಹುಚ್ಚೆಂದು ನಗುವವರು ಜೋಸೆಫ್ ವೈಜೆನ್‌ಬಾಮ್ ಅವರ ಕಾರ್ಯದರ್ಶಿಯನ್ನು ನೆನೆಯಲಿ. ಅಮೆರಿಕದ ಎಂಐಟಿಯಲ್ಲಿದ್ದ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ‘ಎಲಿಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಂ, ನಾವು ಹೇಳಿದ್ದನ್ನೇ ತಿರುಗಿಸಿ ನಮ್ಮನ್ನು ಪ್ರಶ್ನೆ ಕೇಳುತ್ತಿತ್ತು, ಅಷ್ಟೆ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಆಕೆಯೇ, ಅದರೊಡನೆ ನಾಲ್ಕು ಮಾತಾಡಿದ ಮೇಲೆ, ದಯವಿಟ್ಟು ಕೋಣೆಯಿಂದ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರು. ಯಂತ್ರದ ಮರುಮಾತಿಗೇ ಅಷ್ಟು!

ಮರುಮಾತಿಗಾಗಿ ಕಾಯುವ ಈ ಹಸಿವಿನ ಭಾರ ಬೀಳುವುದು ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ. ಹೆಣ್ಣು ಸ್ಪಷ್ಟವಾಗಿ ಅನಾಸಕ್ತಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು ಅಪರಾಧ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ‘ಸ್ಪಷ್ಟವಾಗಿ’ ಎಂಬಲ್ಲೇ ತೊಡಕು. ಮನೆ ಬಿಟ್ಟು ಹೊರಡುವಾಗಲೂ ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುವ ಜನ ನಾವು. ‘ಸ್ವಲ್ಪ ಬ್ಯುಸಿ ಇದ್ದೆ’, ‘ಆಮೇಲೆ ಮಾತಾಡೋಣ’ ಎಂದು ಜಾರಿಕೊಳ್ಳುತ್ತೇವೆ. ಹೇಳಿದವರ ಪಾಲಿಗೆ ಅದು ಬಾಗಿಲು ಮುಚ್ಚಿದ್ದು, ಕೇಳಿದವನ ಪಾಲಿಗೆ ಇನ್ನೂ ಚಿಲಕ ಹಾಕಿಲ್ಲವೆಂಬ ಭರವಸೆ. (ಬೆನ್ನುಹತ್ತಿದವನ ತಪ್ಪು ಇದರಿಂದ ಗುಲಗಂಜಿಯಷ್ಟೂ ಕಡಿಮೆಯಾಗದು. ಬೆದರಿಕೆಯ ವಾಸನೆ ಬಂದಲ್ಲಿ ವಿವರಣೆಯೇ ಬೇಡ: ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಲಾಕ್ ಮಾಡಿ.)

ನಮ್ಮ ಮಾತು ಉಳಿದ ಬಡಪಾಯಿಗಳದ್ದು. ‘ನಿಮಗೆ ಒಳ್ಳೆಯದಾಗಲಿ, ಆದರೆ ದಿನಾ ಮಾತಾಡೋದು ನನ್ನಿಂದ ಆಗಲ್ಲ.’ ಬರೆಯಲು ಅರ್ಧ ನಿಮಿಷ ಸಾಕು. ಮೊದಲ ವಾರದಲ್ಲೇ ಹೇಳಿದರೆ ಎರಡು ದಿನದ ಬೇಸರದಲ್ಲಿ ಮುಗಿಯುತ್ತದೆ. ದಾಕ್ಷಿಣ್ಯಕ್ಕೆ ಆರು ತಿಂಗಳು ‘ಹ್ಞೂಂ’ಗುಟ್ಟಿ, ಒಂದು ದಿನ ಸದ್ದಿಲ್ಲದೆ ಮಾಯವಾದರೆ, ಆ ಪಿಜಿ ಕೋಣೆಯಲ್ಲಿರುವವನು ತಾನು ತಪ್ಪಿದ್ದೆಲ್ಲಿ ಎಂದು ಹಳೆಯ ಮೆಸೇಜುಗಳನ್ನೆಲ್ಲ ಮೊದಲಿನಿಂದ ಓದುತ್ತಾ ಕೂರುತ್ತಾನೆ. ‘ಊಟ ಆಯ್ತಾ?’ ಎಂಬುದರಿಂದ.