ಹಾರ ಹಾಕಿದರೆ ಸಾಲದು

ಅಮೆರಿಕದ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಊರಲ್ಲಿ, ಕರಿಯರಿಗೆಂದು 1891ರಲ್ಲಿ ತೆರೆದ ಎ ಅಂಡ್ ಟಿ ವಿಶ್ವವಿದ್ಯಾಲಯವಿದೆ. ಅದರ ಅಂಗಳದಲ್ಲಿ ನಾಲ್ವರು ಹುಡುಗರ ಪ್ರತಿಮೆಯಿದೆ, 2002ರಲ್ಲಿ ಇಟ್ಟದ್ದು. ಅವರು ರಾಜರಲ್ಲ, ಮಂತ್ರಿಗಳಲ್ಲ. ಬ್ಲೇರ್, ಮೆಕೇನ್, ಮೆಕ್‌ನೀಲ್, ರಿಚ್ಮಂಡ್ - ಮೊದಲ ವರ್ಷದ ವಿದ್ಯಾರ್ಥಿಗಳು, 17-19ರ ವಯಸ್ಸು.

1960ರ ಫೆಬ್ರವರಿ 1ರಂದು ಈ ನಾಲ್ವರು ವೂಲ್ವರ್ತ್ ಅಂಗಡಿಗೆ ಹೋದರು. ಸಾಮಾನು ಕೊಂಡರು, ಅಂಗಡಿಯವರು ದುಡ್ಡು ತಗೊಂಡರು. ಅಲ್ಲೇ ಬಿಳಿಯರ ಸೀಟಿನಲ್ಲಿ ಕೂತು ಕಾಫಿ ಕೇಳಿದರೆ, ಕೊಡಲ್ಲ ಅಂದರು. ದುಡ್ಡಿಗಿಲ್ಲದ ಮೈಲಿಗೆ ಮನುಷ್ಯರಿಗೆ! ಹೋಟೆಲಿನ ಬೇರೆ ಲೋಟ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗರು ಏಳಲಿಲ್ಲ. ಅಂಗಡಿ ಮುಚ್ಚೋವರೆಗೂ ಕೂತರು. ಮರುದಿನ ಇನ್ನಷ್ಟು ಜನ ಬಂದರು. ಬೆನೆಟ್ ಕಾಲೇಜಿನ ಹುಡುಗಿಯರೂ ಬಂದು ಕೂತರು. ಬೇರೆ ಊರುಗಳಿಗೂ ಹಬ್ಬಿತು. ಜುಲೈ 25ರಂದು ಅಂಗಡಿ ಮಣಿಯಿತು.

ಗೆಳೆಯರೇ, ಇದೆಲ್ಲ ಹುಟ್ಟಿದ್ದು ಎಲ್ಲಿ? ಸ್ಕಾಟ್ ಹಾಲ್ ಎಂಬ ಹಾಸ್ಟೆಲಿನಲ್ಲಿ, ರಾತ್ರಿಯ ಮಾತುಕತೆಯಲ್ಲಿ. 1969ರಲ್ಲಿ ಅದೇ ಹಾಸ್ಟೆಲಿಗೆ ನ್ಯಾಷನಲ್ ಗಾರ್ಡ್ ಪಡೆ ಬಂದೂಕು ಹಿಡಿದು ನುಗ್ಗಿತು. ಇಂದು ಆ ಕಟ್ಟಡವಿಲ್ಲ, ಪ್ರತಿಮೆಯಿದೆ. ಅದೇ ಕಾಲೇಜಿನ ಹೆಮ್ಮೆಯಾಗಿದೆ. ಆಗಲಿ, ತಪ್ಪಿಲ್ಲ. ಆದರೆ ಇಂದು ಹೆಮ್ಮೆ ಪಡಲು ಯಾವ ಖರ್ಚೂ ಇಲ್ಲ. ಅಂದು ಆ ಸೀಟಿನಲ್ಲಿ ಕೂರಲು ಜೈಲಿಗೂ ಏಟಿಗೂ ತಯಾರಿರಬೇಕಿತ್ತು.

ಆ ಪ್ರತಿಮೆಯ ನಾಲ್ವರೂ ಸುಮ್ಮನೆ ನಿಂತಿಲ್ಲ, ನಡೆಯುತ್ತಿದ್ದಾರೆ. ನಮ್ಮ ಹಾಸ್ಟೆಲ್ ರೂಮುಗಳಲ್ಲೂ ರಾತ್ರಿಯೆಲ್ಲ ಮಾತಿದೆ. ಬೆಳಗಾದ ಮೇಲೆ ನಾವು ಎಲ್ಲಿಗೆ ಹೋಗ್ತೀವಿ? ಪ್ರತಿಮೆಗೆ ಹಾರ ಹಾಕೋ ಮುಂಚೆ ಇದಕ್ಕೆ ಉತ್ತರ ಕೊಡೋಣ.